ಬರೆದು ಕೇಳಬೇಕು, ಬರೆಸಿಕೊಳ್ಳಬೇಕು

2020ರ ಸೆಪ್ಟೆಂಬರ್ 14ರಂದು ಕೇಂದ್ರ ಕಾರ್ಮಿಕ ಇಲಾಖೆಯ ಕಾಗದವೊಂದು ಲೋಕಸಭೆಯ ಮೇಜಿನ ಮೇಲೆ ಬಂತು. ಲಾಕ್‌ಡೌನಿನ ಕಾಲದಲ್ಲಿ ಊರಿಗೆ ಮರಳುತ್ತಿದ್ದಾಗ ಪ್ರಾಣ ಬಿಟ್ಟ ವಲಸೆ ಕಾರ್ಮಿಕರು ಎಷ್ಟು ಮಂದಿ, ಅವರ ಸಂಸಾರಗಳಿಗೆ ಸರಕಾರ ಪರಿಹಾರವೇನಾದರೂ ಕೊಟ್ಟಿದೆಯೇ ಎಂದು ಸದಸ್ಯರು ಬರೆದು ಕೇಳಿದ್ದರು. ಉತ್ತರವೂ ಬರಹದಲ್ಲಿಯೇ ಬಂತು. ಅಂಥ ಅಂಕಿ ಅಂಶಗಳನ್ನು ಇಟ್ಟಿಲ್ಲ. ಆದುದರಿಂದ ಪರಿಹಾರದ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂಬುದೇ ಆ ಉತ್ತರದ ತಾತ್ಪರ್ಯ.

ಇದನ್ನು ಓದಿದವರು ಸಿಟ್ಟಾದರು, ಆಗಬೇಕಾದದ್ದೇ. ಒಂದು ಕೋಟಿಗೂ ಮೇಲ್ಪಟ್ಟು ಜನ ಊರುಗಳಿಗೆ ಮರಳಿದರೆಂಬ ಲೆಕ್ಕವನ್ನು ಸರಕಾರವೇ ಕೊಟ್ಟಿತು. ಹೊರಟವರ ಲೆಕ್ಕ ಇದೆ, ದಾರಿಯಲ್ಲಿ ಉಳಿದವರ ಲೆಕ್ಕ ಇಲ್ಲ! ಆದರೆ ಸಿಟ್ಟಿನಲ್ಲಿ ನಾವು ಒಂದು ಸಂಗತಿಯನ್ನು ಮರೆಯಬಾರದು. ಆ ಮಾತನ್ನು ಸರಕಾರದ ಬಾಯಿಂದ ಹೊರಡಿಸಿದ್ದು ಯಾವುದು? ಮೆರವಣಿಗೆಯಲ್ಲ, ಭಾಷಣವಲ್ಲ. ನಾಲ್ಕಾರು ಸಾಲಿನ ಒಂದು ಲಿಖಿತ ಪ್ರಶ್ನೆ. ಸಭೆ ಸಮಾರಂಭಗಳಲ್ಲಿ ಮಂತ್ರಿಗಳು ಕಾರ್ಮಿಕರನ್ನು ರಾಷ್ಟ್ರದ ಬೆನ್ನೆಲುಬು ಎಂದು ಎಷ್ಟು ಬೇಕಾದರೂ ಹೊಗಳಬಹುದು. ಬರೆದು ಸಹಿ ಹಾಕುವ ಹೊತ್ತು ಬಂದಾಗ ಮಾತ್ರ, ಬೆನ್ನೆಲುಬು ಎಲ್ಲೆಲ್ಲಿ ಮುರಿಯಿತೆಂದು ತಾವು ಎಣಿಸಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು.

ಆ ಒಪ್ಪಿಗೆಯ ಬೆಲೆಯೇನೆಂದು ನೋಡಿರಿ. ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನು 1979ರಲ್ಲಿ ಆಯಿತು. 2020ರಲ್ಲಿ ಅದು ಜಾರಿಯಲ್ಲಿತ್ತು. ಐದು ಜನಕ್ಕಿಂತ ಕಡಿಮೆಯಿಲ್ಲದೆ ಪರರಾಜ್ಯದ ಕೂಲಿಗಳನ್ನು ಇಟ್ಟುಕೊಂಡ ಕಾರಖಾನೆ ನೋಂದಣಿಯಾಗಬೇಕು, ಅವರನ್ನು ಕರೆತರುವ ಗುತ್ತಿಗೆದಾರ ಲೈಸೆನ್ಸು ಪಡೆಯಬೇಕು, ಕರೆತಂದವರ ವಿವರವನ್ನು ಎರಡೂ ರಾಜ್ಯಗಳ ಅಧಿಕಾರಿಗಳಿಗೆ ಕೊಡಬೇಕು ಎಂದೆಲ್ಲ ಅದರಲ್ಲಿ ಬರೆದಿತ್ತು. ಅಂಕಿ ಅಂಶ ಇಲ್ಲವೆಂದರೆ ಆ ಕಾನೂನನ್ನು ನಾಲ್ವತ್ತು ವರ್ಷ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆಂದು ಅರ್ಥ. ಯಾವ ವಿರೋಧ ಪಕ್ಷದ ಆರೋಪಪಟ್ಟಿಯೂ ಇದಕ್ಕಿಂತ ಖಾರವಾಗಿರಲಿಲ್ಲ. ಅದೇ ಅಧಿವೇಶನದಲ್ಲಿ, ಕೆಲವೇ ದಿನಗಳಲ್ಲಿ, ಆ 1979ರ ಕಾನೂನಿನ ಸ್ಥಾನಕ್ಕೆ ಬರುವ ಹೊಸ ಸಂಹಿತೆಯನ್ನು ಪಾಸು ಮಾಡಿಸಿಕೊಂಡರೆಂಬುದನ್ನೂ ಜೊತೆಯಲ್ಲಿ ನೆನಪಿಡಬೇಕು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ವಾರ ರಾಜ್ಯಸಭೆಯಲ್ಲಿ ಡೆರೆಕ್ ಓಬ್ರಿಯನ್ ಅವರ ಪ್ರಶ್ನೆಗೆ ರೈಲ್ವೆ ಮಂತ್ರಿಗಳು ಉತ್ತರ ಕೊಟ್ಟರು. ಶ್ರಮಿಕ್ ವಿಶೇಷ ರೈಲುಗಳಲ್ಲಿ ಪ್ರಯಾಣ ಮಾಡುತ್ತಿದ್ದಾಗ ಸೆಪ್ಟೆಂಬರ್ 9ರ ತನಕ 97 ಮಂದಿ ತೀರಿಕೊಂಡಿದ್ದಾರೆ. ಅವರಲ್ಲಿ 87 ಶವಗಳನ್ನು ರಾಜ್ಯಗಳ ಪೋಲೀಸರು ಮರಣೋತ್ತರ ಪರೀಕ್ಷೆಗೆ ಕಳಿಸಿದ್ದಾರೆ. 51 ವರದಿಗಳು ಬಂದಿವೆ ಎಂದು ಲೆಕ್ಕ ಬಂತು. ಒಂದು ಇಲಾಖೆ ಲೆಕ್ಕವಿಲ್ಲವೆಂದಿತು, ಮತ್ತೊಂದು ಇಲಾಖೆ ತನ್ನ ಬಂಡಿಯೊಳಗಿನ ಲೆಕ್ಕವನ್ನು ತೆಗೆದಿಟ್ಟಿತು. ರಸ್ತೆಯಲ್ಲಿ ನಡೆದು ಸತ್ತವರು, ಲಾರಿಗೆ ಸಿಕ್ಕವರು, ಹಳಿಯ ಮೇಲೆ ಮಲಗಿದ್ದವರು ಈ 97ರಲ್ಲಿ ಸೇರಿಲ್ಲ. ಆದರೂ ಸೊನ್ನೆಯಿಂದ 97ಕ್ಕೆ ಬಂದದ್ದು ಸಣ್ಣ ದಾರಿಯಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ದೇಶಕ್ಕೆ ತೋರಿಸಲು ಸಾಧ್ಯವಾದದ್ದು ಎರಡೂ ಬರಹದಲ್ಲಿದ್ದುದರಿಂದ.

ನಮ್ಮ ರಾಜ್ಯವೂ ಈ ವಿಷಯದಲ್ಲಿ ಕೈ ತೊಳೆದುಕೊಳ್ಳುವಂತಿಲ್ಲ. 2020ರ ಮೇ 5ರಂದು, ಮುಖ್ಯಮಂತ್ರಿಗಳು ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆಸಿದ ಬೆನ್ನಿಗೇ, ಕಾರ್ಮಿಕರ ರೈಲುಗಳು ಬೇಡವೆಂದು ಕರ್ನಾಟಕ ಸರಕಾರ ರೈಲ್ವೆಗೆ ಬರೆಯಿತು. ಗದ್ದಲವೆದ್ದ ಮೇಲೆ ಎರಡು ಮೂರು ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಕೂಲಿಯವನು ಊರಿಗೆ ಹೋಗಬೇಕೆಂದರೆ ಗುತ್ತಿಗೆದಾರನ ಅಪ್ಪಣೆ ಬೇಕೆಂಬ ಕಾಲ ಹೋಯಿತೆಂದು ನಾವು ತಿಳಿದಿದ್ದೆವು!

ಮಿಲ್ಲಿನ ಗೇಟಿನಲ್ಲಿ ನಮ್ಮನ್ನು ಹಲವರು ಕೇಳುತ್ತಾರೆ: ನಾವು ಆರಿಸಿ ಕಳಿಸಿದವರು ಅಲ್ಲಿ ಕೂತು ಏನು ಮಾಡುತ್ತಾರೆ? ಮಾಡುವ ಕೆಲಸ ಬಹಳ ಇದೆ. ಅದರಲ್ಲಿ ಅತಿ ಅಗ್ಗದ್ದು, ಅತಿ ಮೊನಚಿನದ್ದು ಈ ಪ್ರಶ್ನೆ ಕೇಳುವ ಕೆಲಸ. ಮಂತ್ರಿಮಂಡಲವು ಸಾಮೂಹಿಕವಾಗಿ ಸಭೆಗೆ ಹೊಣೆಯಾಗಿರಬೇಕೆಂದು ನಮ್ಮ ಸಂವಿಧಾನದ 75ನೆಯ ವಿಧಿ ಕೇಂದ್ರಕ್ಕೂ 164ನೆಯ ವಿಧಿ ರಾಜ್ಯಗಳಿಗೂ ಹೇಳಿವೆ. ಮಂತ್ರಿಯನ್ನು ಎಬ್ಬಿಸಿ ನಿಲ್ಲಿಸಿ ಜವಾಬು ಪಡೆಯುವುದು ಆ ಹೊಣೆಯನ್ನು ದಿನವೂ ವಸೂಲು ಮಾಡುವ ರೀತಿ. ಅವಿಶ್ವಾಸ ನಿರ್ಣಯಕ್ಕೆ ಬಹುಮತ ಬೇಕು, ಮಸೂದೆಗೆ ಬಹುಮತ ಬೇಕು. ಪ್ರಶ್ನೆಗೆ ಒಬ್ಬ ಸದಸ್ಯ ಸಾಕು. ಆಳುವ ಪಕ್ಷಕ್ಕೆ ನಾನೂರು ಜನರಿರಲಿ, ಒಂಟಿ ಸದಸ್ಯನ ಪ್ರಶ್ನೆಗೆ ಉತ್ತರ ಬರಬೇಕು.

ಪ್ರಶ್ನೆಗಳಲ್ಲಿ ಎರಡು ಮುಖ್ಯ ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ಬಾಯಿಂದ ಉತ್ತರ ಹೇಳಬೇಕು. ಮೇಲೆ ಉಪಪ್ರಶ್ನೆಗಳನ್ನು ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಉತ್ತರವನ್ನು ಬರೆದು ಮೇಜಿನ ಮೇಲೆ ಇಡುತ್ತಾರೆ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆಯವು, 230 ಚುಕ್ಕೆ ಇಲ್ಲದವು. ರಾಜ್ಯಸಭೆಯಲ್ಲಿ 15 ಮತ್ತು 160. ಹದಿನೈದು ದಿನ ಮುಂಚೆ ನೋಟೀಸು ಕೊಡಬೇಕು. ಬಂದ ನೋಟೀಸುಗಳಲ್ಲಿ ಯಾವುದು ಮೇಲೆ ಬರಬೇಕೆಂದು ಚೀಟಿ ಎತ್ತುತ್ತಾರೆ.

ಪತ್ರಿಕೆಯವರಿಗೆ ಚುಕ್ಕೆ ಪ್ರಶ್ನೆಯ ಮೇಲೆಯೇ ಮೋಹ. ಅಲ್ಲಿ ಕೂಗಾಟವಿದೆ, ನಗೆಯಿದೆ, ಮಂತ್ರಿಯ ಮುಖ ಕೆಂಪಾಗುವುದನ್ನು ನೋಡಬಹುದು. ನಿಜ, ಜಾಣ ಸದಸ್ಯನ ಕೈಯಲ್ಲಿ ಉಪಪ್ರಶ್ನೆ ಚೂರಿಯಿದ್ದಂತೆ. ಸಮಾಜವಾದಿಗಳಲ್ಲಿ ಮಧು ಲಿಮಯೆ ಅವರು ನಿಯಮದ ಪುಸ್ತಕವನ್ನೇ ಆಯುಧ ಮಾಡಿಕೊಂಡಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಆದರೆ ಒಂದು ಗಂಟೆಯಲ್ಲಿ ಇಪ್ಪತ್ತರಲ್ಲಿ ನಾಲ್ಕಾರು ಪ್ರಶ್ನೆ ಮುಗಿದರೆ ಹೆಚ್ಚು. ಗಲಾಟೆಯಾದ ದಿನ ಅದೂ ಇಲ್ಲ. ಸಭೆ ಹನ್ನೊಂದಕ್ಕೆ ಸೇರಿ ಹನ್ನೊಂದೂ ಐದಕ್ಕೆ ಎದ್ದರೂ ಲಿಖಿತ ಉತ್ತರಗಳು ಮಾತ್ರ ಮೇಜಿಗೆ ಬರುತ್ತವೆ. ಅಂದಿನ 2020ರ ಅಧಿವೇಶನವನ್ನೇ ತೆಗೆದುಕೊಳ್ಳಿ. ಸಾಂಕ್ರಾಮಿಕದ ನೆಪದಿಂದ ಪ್ರಶ್ನೆಯ ಗಂಟೆಯನ್ನೇ ರದ್ದು ಮಾಡಿದ್ದರು. 1962ರ ಚೀನಾ ಯುದ್ಧದ ಕಾಲದಲ್ಲಿ, 1975ರ ತುರ್ತುಪರಿಸ್ಥಿತಿಯಲ್ಲಿ ಹೀಗೆ ಆಗಿತ್ತು. ವಿರೋಧ ಪಕ್ಷಗಳು ಜಗಳ ಹೂಡಿದ ಮೇಲೆ ಲಿಖಿತ ಪ್ರಶ್ನೆಗಳಷ್ಟಕ್ಕೆ ಅವಕಾಶ ಉಳಿಯಿತು. ಆ ಉಳಿದ ಕಿಂಡಿಯಿಂದಲೇ ಮೇಲಿನ ಎರಡು ಉತ್ತರಗಳೂ ಹೊರಬಿದ್ದವು.

ಶಾಲೆಯಲ್ಲಿ ಪಾಠ ಹೇಳಿದವರಿಗೆ ಇದು ಹೊಸದಲ್ಲ. ಬಾಯಿಯ ಪರೀಕ್ಷೆಯಲ್ಲಿ ಚುರುಕು ಹುಡುಗ ಏನೋ ಹೇಳಿ ಪಾರಾಗುತ್ತಾನೆ. ಹಲಗೆಯ ಮೇಲೆ ಬರೆ ಎಂದಾಗ ಗೊತ್ತಾಗುತ್ತದೆ. ವ್ಯಾಪಾರಿ ಬಂಧುಗಳಿಗಂತೂ ಹೇಳಲೇಬೇಕಿಲ್ಲ. ಬಾಯಿಮಾತಿನ ಸಾಲಕ್ಕೂ ಪ್ರೋನೋಟಿಗೂ ಇರುವ ವ್ಯತ್ಯಾಸವನ್ನು ಅವರೇ ನಮಗೆ ಕಲಿಸಬಲ್ಲರು.

ಈ ಹಕ್ಕು ಹುಟ್ಟಿದ್ದು ಕೂಡ ಹಣದ ಗಂಟಿನ ಸುತ್ತಲೇ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ದಾಖಲೆಯಾದ ಮೊದಲ ಪ್ರಶ್ನೆ 1721ನೆಯ ಇಸವಿಯದು. ಸೌತ್ ಸೀ ಕಂಪನಿಯೆಂಬುದು ಜನರ ದುಡ್ಡನ್ನು ನುಂಗಿ ಮುಳುಗಿತ್ತು. ಅದರ ಖಜಾಂಚಿ ರಾಬರ್ಟ್ ನೈಟ್ ಎಂಬಾತ ದೇಶ ಬಿಟ್ಟು ಓಡಿಹೋಗಿದ್ದ. ಅವನು ಬ್ರಸೆಲ್ಸ್ ಕಡೆ ಸಿಕ್ಕಿಬಿದ್ದನೆಂಬ ಸುದ್ದಿ ನಿಜವೇ ಎಂದು ಲಾರ್ಡ್ ಕೌಪರ್ ಸರಕಾರವನ್ನು ಕೇಳಿದ. ದುಡ್ಡು ಹೊಡೆದು ಪರದೇಶಕ್ಕೆ ಓಡುವವರೂ, ಅವರ ವಿಷಯ ಸರಕಾರವನ್ನು ಕೇಳಬೇಕಾಗಿ ಬರುವುದೂ ಹಳೆಯ ಸಂಪ್ರದಾಯವೇ ಎಂದಾಯಿತು.

ನಮ್ಮ ದೇಶದಲ್ಲಿ 1892ರ ಕೌನ್ಸಿಲುಗಳ ಕಾನೂನು ಪ್ರಶ್ನೆ ಕೇಳುವ ಹಕ್ಕನ್ನು ಮೊದಲು ಕೊಟ್ಟಿತು. ಉಪಪ್ರಶ್ನೆಯ ಹಕ್ಕನ್ನು ಕೊಡಲಿಲ್ಲ. ಮರುವರ್ಷ 1893ರಲ್ಲಿ ವೈಸರಾಯರ ಕೌನ್ಸಿಲಿನಲ್ಲಿ ಭಿಂಗಾದ ರಾಜರು ಮೊಟ್ಟಮೊದಲ ಪ್ರಶ್ನೆ ಕೇಳಿದರು. ಯಾವುದರ ಮೇಲೆಂದು ತಿಳಿದರೆ ನಮ್ಮ ಅಂಗಡಿಯವರಿಗೆ ಸಂತೋಷವಾದೀತು. ಸರಕಾರದ ಅಧಿಕಾರಿಗಳು ಸುತ್ತಾಟಕ್ಕೆ ಬಂದಾಗ ಅವರಿಗೆ ದಿನಸಿ ಒದಗಿಸುವ ಪದ್ಧತಿಯಿಂದ ಹಳ್ಳಿಯ ಅಂಗಡಿಕಾರರಿಗೆ ಆಗುತ್ತಿದ್ದ ತೊಂದರೆಯ ಮೇಲೆ! ಸಾಮ್ರಾಜ್ಯದ ಗಡಿಯಲ್ಲ, ಸೈನ್ಯವಲ್ಲ. ಅಕ್ಕಿ, ಬೇಳೆ, ತುಪ್ಪದ ಅಂಗಡಿಯವನ ಗೋಳು. ನೂರಮೂವತ್ತು ವರ್ಷಗಳಾದರೂ ಕ್ಯಾಂಪಿಗೆ ಬಂದ ಸಾಹೇಬರ ಊಟದ ಬಿಲ್ಲು ಯಾರ ತಲೆಗೆ ಬೀಳುತ್ತದೆಂದು ಬಜಾರದಲ್ಲಿ ವಿಚಾರಿಸಿದರೆ ಉತ್ತರ ಸಿಗುತ್ತದೆ. ನಮ್ಮ ಮೈಸೂರಿನಲ್ಲಿ 1881ರಲ್ಲಿಯೇ ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ಆದರೆ ಅಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು ದಿವಾನರನ್ನು ಹಿಡಿದು ನಿಲ್ಲಿಸುವ ಅಧಿಕಾರ ಇರಲಿಲ್ಲ. ಅಹವಾಲೇ ಬೇರೆ, ಪ್ರಶ್ನೆಯೇ ಬೇರೆ. ಅಹವಾಲು ಹೇಳುವವನು ಕೈ ಮುಗಿದಿರುತ್ತಾನೆ.

ಸ್ವತಂತ್ರ ಭಾರತದಲ್ಲಿ ಪ್ರಶ್ನೆಯೊಂದು ಎಲ್ಲಿಯ ತನಕ ಹೋಗಬಲ್ಲದೆಂಬುದಕ್ಕೆ ಮುಂಧ್ರಾ ಪ್ರಕರಣ ಸಾಕ್ಷಿ. 1956ರಲ್ಲಿ ಜೀವವಿಮೆ ರಾಷ್ಟ್ರೀಕರಣವಾಯಿತು. ಕೂಲಿಕಾರನ, ಗುಮಾಸ್ತನ, ಮೇಷ್ಟರ ಪ್ರೀಮಿಯಮ್ಮಿನ ಹಣ ಜೀವವಿಮಾ ನಿಗಮಕ್ಕೆ ಬಂತು. ಮರುವರ್ಷ ಜೂನಿನಲ್ಲಿಯೇ ನಿಗಮವು ಹರಿದಾಸ್ ಮುಂಧ್ರಾ ಎಂಬ ಸಟ್ಟಾ ವ್ಯಾಪಾರಿಯ ಆರು ಕಂಪನಿಗಳ ಷೇರುಗಳನ್ನು ಒಂದೂಕಾಲು ಕೋಟಿ ರೂಪಾಯಿಯಷ್ಟು ಹಣ ಕೊಟ್ಟು ಕೊಂಡಿತು. ನಿಗಮದ ಬಂಡವಾಳ ಸಮಿತಿಯನ್ನು ಮೊದಲು ಕೇಳುವ ಗೋಜಿಗೆ ಹೋಗಲಿಲ್ಲ. ಆ ಆರರಲ್ಲಿ ಕಾನಪುರದ ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್ ಒಂದು. ಉಣ್ಣೆ, ಹತ್ತಿ ಗಿರಣಿಗಳ ಒಡೆತನದ ಸಂಸ್ಥೆ.

ಸೆಪ್ಟೆಂಬರಿನಲ್ಲಿ ರಾಮ್ ಸುಭಗ್ ಸಿಂಗ್ ಅವರು ಲೋಕಸಭೆಯಲ್ಲಿ ಈ ಬಗ್ಗೆ ಪ್ರಶ್ನೆ ಹಾಕಿದರು. ಜಾರಿಕೆಯ ಉತ್ತರ ಬಂತು. ನವೆಂಬರಿನಲ್ಲಿ ಪ್ರಶ್ನೆ ಮತ್ತೆ ಎದ್ದಿತು. ಉತ್ತರಗಳು ಒಂದಕ್ಕೊಂದು ಕೂಡಲಿಲ್ಲ. ಆ ಕೂಡದ ಉತ್ತರಗಳನ್ನೇ ಹಿಡಿದುಕೊಂಡು ಫಿರೋಜ್ ಗಾಂಧಿ ಅವರು ಡಿಸೆಂಬರ್ 16ರಂದು ಚರ್ಚೆಗೆ ನಿಂತರು. ಅವರು ಆಳುವ ಕಾಂಗ್ರೆಸಿನವರೇ, ಪ್ರಧಾನಿಯ ಅಳಿಯ. ನ್ಯಾಯಮೂರ್ತಿ ಛಾಗ್ಲಾ ಅವರ ಆಯೋಗ ಬಹಿರಂಗವಾಗಿ ವಿಚಾರಣೆ ನಡೆಸಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮುಂಧ್ರಾ ಜೈಲಿಗೆ ಹೋದ. ಮೊದಲ ಪ್ರಶ್ನೆಯಿಂದ ರಾಜೀನಾಮೆಗೆ ಆರು ತಿಂಗಳೂ ಪೂರ್ತಿ ಹಿಡಿಯಲಿಲ್ಲ. ಅಂದು ಆಳುವ ಪಕ್ಷದವರು ತಮ್ಮ ಸರಕಾರವನ್ನೇ ಪ್ರಶ್ನಿಸಿದರೆಂಬುದನ್ನು ಇಂದಿನ ಆಳುವ ಪಕ್ಷದ ಬೆಂಚುಗಳಲ್ಲಿ ಕೂತವರು ಓದಿಕೊಂಡರೆ ಒಳ್ಳೆಯದು. ಈಗ ಅಲ್ಲಿಂದ ಬರುವ ಪ್ರಶ್ನೆಗಳಲ್ಲಿ ಅನೇಕವು, ಸರಕಾರದ ಸಾಧನೆಯನ್ನು ವಿವರಿಸಬೇಕೆಂದು ಮಂತ್ರಿಗಳನ್ನು ಬೇಡುವಂಥವು. ಅವನ್ನು ಪ್ರಶ್ನೆ ಎನ್ನುವುದಕ್ಕಿಂತ ಆರತಿ ಎನ್ನಬಹುದು.

ಇದೇ ಕೃಷ್ಣಮಾಚಾರಿಯವರು 1951ರಲ್ಲಿ ಇನ್ನೊಂದು ಸಮಿತಿಯ ಅಧ್ಯಕ್ಷರಾಗಿದ್ದರು. ಮುಂಬಯಿಯ ಚಿನಿವಾರರ ಸಂಘದಿಂದ ಹಣ ಪಡೆದು ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳಿದರೆಂದು ಎಚ್.ಜಿ. ಮುದ್ಗಲ್ ಎಂಬ ಸದಸ್ಯರ ಮೇಲೆ ವಿಚಾರಣೆ ನಡೆಸಿದ ಸಮಿತಿ ಅದು. ಮುದ್ಗಲ್ ಸದಸ್ಯತ್ವ ಕಳೆದುಕೊಂಡರು. 2005ರ ಡಿಸೆಂಬರಿನಲ್ಲಿ ಮತ್ತೆ ಅದೇ ರೋಗ ದೊಡ್ಡದಾಗಿ ಕಾಣಿಸಿತು. ಪ್ರಶ್ನೆಗಾಗಿ ಹಣ ತೆಗೆದುಕೊಂಡು ಗುಪ್ತ ಕ್ಯಾಮರಾಕ್ಕೆ ಸಿಕ್ಕ ಹನ್ನೊಂದು ಮಂದಿಯನ್ನು ಎರಡೂ ಸದನಗಳು ಹೊರಹಾಕಿದವು. ಇದರಿಂದ ಪ್ರಶ್ನೆಯೆಂಬುದೇ ಹೊಲಸೆಂದು ಹೇಳುವವರಿದ್ದಾರೆ. ನಾವು ಹಾಗೆ ತಿಳಿಯುವುದಿಲ್ಲ. ಬೆಲೆಯಿಲ್ಲದ ಸರಕನ್ನು ಯಾರೂ ಕದ್ದು ಮಾರುವುದಿಲ್ಲ. ದುಡ್ಡುಳ್ಳವನು ಪ್ರಶ್ನೆಯನ್ನು ಕೊಂಡುಕೊಳ್ಳಲು ಬಂದಿದ್ದಾನೆಂದರೆ ಅದರ ಬೆಲೆ ಅವನಿಗೆ ಗೊತ್ತಿದೆ; ದುಡ್ಡಿಲ್ಲದ ನಮಗೆ ಗೊತ್ತಿಲ್ಲ.

ಮಂತ್ರಿಗಳ ಕಚೇರಿಗಳೂ ಸುಮ್ಮನೆ ಕೂತಿಲ್ಲ. ತಪ್ಪಿಸಿಕೊಳ್ಳುವ ವಿದ್ಯೆಯನ್ನು ಅಲ್ಲಿ ಹತ್ತಾರು ವರ್ಷಗಳಿಂದ ಸಾಣೆ ಹಿಡಿದಿದ್ದಾರೆ. ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ ಎನ್ನುವುದು ಮೊದಲ ಮಂತ್ರ. ಇದು ರಾಜ್ಯಗಳಿಗೆ ಸೇರಿದ ವಿಷಯ ಎನ್ನುವುದು ಎರಡನೆಯದು. ಕೇಳಿದ್ದೊಂದು, ಯೋಜನೆಗಳ ಹೆಸರುಗಳನ್ನು ನಾಲ್ಕು ಪುಟ ಬರೆದು ಹೇಳಿದ್ದೊಂದು, ಇದು ಮೂರನೆಯದು. ಎಲ್ಲಕ್ಕಿಂತ ಜಾಣತನದ್ದು ಇನ್ನೊಬ್ಬರ ಹೆಗಲ ಮೇಲೆ ಹೆಣ ಹೊರಿಸುವುದು. 2021ರ ಜುಲೈ 20ರಂದು ರಾಜ್ಯಸಭೆಗೆ ಆರೋಗ್ಯ ಇಲಾಖೆ ಕೊಟ್ಟ ಲಿಖಿತ ಉತ್ತರ ಇದಕ್ಕೆ ಮಾದರಿ: ಆಮ್ಲಜನಕದ ಕೊರತೆಯಿಂದಲೇ ಸತ್ತರೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ! ಅದೇ ವರ್ಷ ಮೇ 2 ಮತ್ತು 3ರ ನಡುವೆ ನಮ್ಮ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಪ್ರಾಣಬಿಟ್ಟಿದ್ದರು. ಹೈಕೋರ್ಟು ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯೇ ಕಾರಣವೆಂದು ಆ ತಿಂಗಳಲ್ಲಿಯೇ ಹೇಳಿತ್ತು. ದೆಹಲಿಯ ಉತ್ತರದಲ್ಲಿ ಅಕ್ಷರಶಃ ಸುಳ್ಳಿಲ್ಲದಿರಬಹುದು. ರಾಜ್ಯಗಳು ಆ ಕಾಲಮ್ಮನ್ನು ತುಂಬಿ ಕಳಿಸಲಿಲ್ಲ, ಕೇಂದ್ರ ಕೇಳಲಿಲ್ಲ, ಸತ್ತವರು ಬಂದು ಫಾರಂ ತುಂಬಲಿಲ್ಲ.

ಆದುದರಿಂದ ಉತ್ತರ ಬಂದ ಮೇಲೆ ಕೆಲಸ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಮಂತ್ರಿ ನೋಡುತ್ತೇವೆ, ಮಾಡುತ್ತೇವೆ, ತರಿಸಿಕೊಡುತ್ತೇವೆ ಎಂದು ಹೇಳಿದ ಮಾತು ಭರವಸೆಯಾಗುತ್ತದೆ. ಅಂಥ ಮಾತುಗಳನ್ನು ಹೆಕ್ಕಿ ಬೆನ್ನು ಹತ್ತಲು ಲೋಕಸಭೆಯಲ್ಲಿ 1953ರಿಂದ ಸರಕಾರಿ ಭರವಸೆಗಳ ಸಮಿತಿ ಇದೆ. ಮೂರು ತಿಂಗಳಲ್ಲಿ ನೆರವೇರಿಸಬೇಕೆಂದು ಗಡುವು. ಗಡುವು ಮೀರಿದವು ಬಹಳವೆಂದು ಆ ಸಮಿತಿಯ ವರದಿಗಳೇ ಗೋಳಾಡುತ್ತವೆ. ಉತ್ತರದಲ್ಲಿ ತಪ್ಪಿದ್ದರೆ ಸ್ಪೀಕರರಿಗೆ ಬರೆದು ಮಂತ್ರಿಯಿಂದ ತಿದ್ದಿಸಬಹುದು. ಬೇಕೆಂದೇ ಸಭೆಯ ದಾರಿ ತಪ್ಪಿಸಿದ್ದರೆ ಹಕ್ಕುಚ್ಯುತಿ ತರಬಹುದು. ದಾರಿಗಳಿವೆ. ನಡೆಯುವವರು ಕಡಿಮೆ.

ಉತ್ತರ ಖಾಲಿಯಾಗಿ ಬಂದಾಗಲೂ ಕೆಳಗೆ ಒಂದು ಚಲನೆ ಆಗುತ್ತದೆಂಬುದನ್ನು ಕಚೇರಿಗಳಲ್ಲಿ ಅಲೆದವರು ಬಲ್ಲರು. ಪ್ರಶ್ನೆಯ ಪ್ರತಿ ಕಾರ್ಯದರ್ಶಿಯಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಇನ್‌ಸ್ಪೆಕ್ಟರರ ಮೇಜಿಗೆ ಇಳಿಯುತ್ತದೆ. ಕೆಂಪು ಚೀಟಿ ಅಂಟಿಸಿದ ಆ ಫೈಲು ಬಂದ ದಿನ ಎಂದೂ ಮಿಲ್ಲಿಗೆ ಕಾಲಿಡದವರು ಕಾಲಿಡುತ್ತಾರೆ, ಎಂದೂ ಸಿಗದ ರಿಜಿಸ್ಟರು ಸಿಗುತ್ತದೆ. ನಾವು ಹತ್ತು ಅರ್ಜಿ ಕೊಟ್ಟರೂ ಅಲುಗದ ಕಲ್ಲು ಇಂತಹ ಒಂದು ಕಾಗದಕ್ಕೆ ಅಲುಗುತ್ತದೆ. ಅಸಂಘಟಿತ ಕಾರ್ಮಿಕರ ಹೆಸರು ಬರೆದುಕೊಳ್ಳುವ ಇ-ಶ್ರಮ್ ನೋಂದಣಿ 2021ರ ಆಗಸ್ಟಿನಲ್ಲಿ ಆರಂಭವಾದದ್ದಕ್ಕೆ ಸುಪ್ರೀಂ ಕೋರ್ಟಿನ ಆದೇಶ ದೊಡ್ಡ ಕಾರಣ. ಲೆಕ್ಕವಿಲ್ಲವೆಂದು ಬರೆದುಕೊಟ್ಟ ಆ ಸೆಪ್ಟೆಂಬರಿನ ಕಾಗದವನ್ನು ಬೀದಿಯಲ್ಲಿ, ಪತ್ರಿಕೆಯಲ್ಲಿ ಎತ್ತಿ ತೋರಿಸಿದ್ದೂ ವ್ಯರ್ಥವಾಗಲಿಲ್ಲವೆಂದು ನಮ್ಮ ನಂಬಿಕೆ.

ಪ್ರಶ್ನೆ ಬರೆಯುವುದು ಸದಸ್ಯನ ಕೆಲಸ, ಸಂಗತಿ ಒದಗಿಸುವುದು ಯಾರ ಕೆಲಸ? ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ಕೂತವರಿಗೆ ನಮ್ಮ ನೂಲುವ ಖಾತೆಯ ವಿಷಯ ಕನಸು ಬೀಳುವುದಿಲ್ಲ. ನಮ್ಮ ಭವಿಷ್ಯನಿಧಿಯ ಹಣವನ್ನೇ ತೆಗೆದುಕೊಳ್ಳೋಣ. ಸಂಬಳದಲ್ಲಿ ಹಿಡಿದ ಹಣವನ್ನು ಮಾಲೀಕ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕೆಂದು ನಿಯಮ. ಹಿಡಿದು ಕಟ್ಟದವರ ಮೇಲೆ ಕ್ರಮ ಜರುಗಿಸಬೇಕೆಂದು ಕಾರ್ಮಿಕ ಮಂತ್ರಿಗಳನ್ನು ಪ್ರಾರ್ಥಿಸಿದರೆ ಅದು ಅಹವಾಲು; ಯೋಗ್ಯ ಕ್ರಮ ಜರುಗಿಸಲಾಗುವುದು ಎಂಬ ಉತ್ತರ ಬಂದು ಮುಗಿಯುತ್ತದೆ. ಅದನ್ನೇ ಹೀಗೆ ಬರೆಯಬೇಕು: ಅ. ಈ ಜಿಲ್ಲೆಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಕಾರ್ಮಿಕರಿಂದ ಹಿಡಿದ ಹಣವನ್ನು ಗಡುವಿನೊಳಗೆ ಕಟ್ಟದ ಸಂಸ್ಥೆಗಳೆಷ್ಟು, ವರ್ಷವಾರು ಮೊತ್ತವೆಷ್ಟು? ಆ. ಇವುಗಳಲ್ಲಿ ಎಷ್ಟನ್ನು ತಪಾಸಣೆ ಮಾಡಿದೆ, ಯಾವ ದಿನಾಂಕಗಳಂದು? ಇ. ಎಷ್ಟು ಮೊಕದ್ದಮೆಗಳನ್ನು ಹೂಡಿದೆ, ಎಷ್ಟು ವಸೂಲಾಗಿದೆ? ಈ. ಹೂಡಿಲ್ಲವಾದರೆ ಕಾರಣವೇನು? ಇಲ್ಲಿ ವಿಶೇಷಣವಿಲ್ಲ, ಬೈಗುಳವಿಲ್ಲ. ಬೈಗುಳಿದ್ದರೆ ಸಚಿವಾಲಯದವರು ನಿಯಮ ತೋರಿಸಿ ತಿರಸ್ಕರಿಸುತ್ತಾರೆ. ನೂರೈವತ್ತು ಪದಗಳ ಮಿತಿಯೂ ಇದೆ. ಪ್ರತಿ ಉಪಭಾಗಕ್ಕೂ ಒಂದು ಅಂಕಿ ಬರಲೇಬೇಕು. ಬಾರದಿದ್ದರೆ ಬಾರದ್ದೇ ಸುದ್ದಿ.

ಬಾಗಿಲು ಯಾವುದೆಂದು ತಿಳಿದು ತಟ್ಟಬೇಕು. ಭವಿಷ್ಯನಿಧಿ ಕೇಂದ್ರದ್ದು, ಲೋಕಸಭೆಯ ಸದಸ್ಯರಿಗೆ ಕೊಡಬೇಕು. ಕನಿಷ್ಠ ವೇತನದ ತಪಾಸಣೆ, ಮಾರುಕಟ್ಟೆ ಸಮಿತಿಯ ಶುಲ್ಕ, ತಕ್ಕಡಿ ಕಲ್ಲಿಗೆ ಮುದ್ರೆ ಹಾಕುವವರ ಕಾಟ ಇವು ರಾಜ್ಯದ ಕೈಯವು. ವಿಧಾನಸಭೆಯ ಸದಸ್ಯರಿಗೆ ಕೊಡಬೇಕು. ಒಂದರ ಪ್ರಶ್ನೆಯನ್ನು ಇನ್ನೊಂದಕ್ಕೆ ಕೊಟ್ಟರೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂಬ ಉತ್ತರಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಸದಸ್ಯರು ಯಾವ ಪಕ್ಷದವರೆಂದು ನೋಡುವುದು ಬೇಡ. ಪ್ರಶ್ನೆಯನ್ನು ತೆಗೆದುಕೊಳ್ಳಲು ಒಪ್ಪದಿದ್ದರೆ ಯಾವ ದಿನ, ಏನು ಹೇಳಿ ಒಪ್ಪಲಿಲ್ಲವೆಂದು ಈ ಪುಟದಲ್ಲಿ ಅಚ್ಚು ಮಾಡುತ್ತೇವೆ; ಒಪ್ಪಿ ಕೇಳಿದರೆ ಅದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ.

ಮುಂದಿನ ಅಧಿವೇಶನಕ್ಕೆ ನೋಟೀಸು ಹೋಗಬೇಕಾದರೆ ಕಾಗದ ಹದಿನೈದು ದಿನ ಮುಂಚೆ ಸದಸ್ಯರ ಕೈಯಲ್ಲಿರಬೇಕು. ಮಿಲ್ಲಿನ ಗೆಳೆಯರು ವೇತನ ಚೀಟಿಯನ್ನೂ ಭವಿಷ್ಯನಿಧಿಯ ಪಾಸ್‌ಬುಕ್ಕಿನ ಪ್ರತಿಯನ್ನೂ ಪಾಳಿ ಬಿಟ್ಟ ಮೇಲೆ ಪಕ್ಷದ ಕಚೇರಿಗೆ ತರಲಿ. ಅಂಗಡಿಯವರು ರಸೀತಿಗಳನ್ನು, ರಸೀತಿ ಕೊಡದೆ ವಸೂಲು ಮಾಡಿದ್ದರೆ ತಾರೀಖನ್ನೂ ಮೊತ್ತವನ್ನೂ ಬರೆದು ತರಲಿ. ಕೊಟ್ಟವರ ಹೆಸರು ಎಲ್ಲಿಯೂ ಬರುವುದಿಲ್ಲ. ಸಂಸ್ಥೆ, ತಿಂಗಳು, ಹಿಡಿದ ಮೊತ್ತ, ಕಟ್ಟಿದ ಮೊತ್ತ, ಈ ನಾಲ್ಕು ಸಾಕು.